ಬಾವಿ ನೀರಿನ ಸೊಪ್ಪು

ಗುಬ್ಬಿ ದಾಟಿ ಹೆದ್ದಾರಿಯಿಂದ ಎಡಕ್ಕೆ ಇಳಿದರೆ ಒಂದು ಮಣ್ಣಿನ ಹಾದಿ. ಅದರ ಕೊನೆಗೆ ಮಹಾಲಿಂಗಯ್ಯನವರ ತೆಂಗಿನ ತೋಟ, ತೋಟದ ಮಗ್ಗುಲಲ್ಲಿ ಕಲ್ಲು ಕಟ್ಟಿದ ಹಳೆಯ ಬಾವಿ, ಬಾವಿಯ ಕೆಳಗೆ ನಾಲ್ಕಾರು ಮಡಿ ಸೊಪ್ಪು. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಿದ್ದಲಕ್ಷ್ಮಮ್ಮ ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಇಬ್ಬನಿ ಕೂತ ಮೆಂತ್ಯದ ಮಡಿಯಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದಾರೆ. ಒಂದೊಂದು ಹಿಡಿ ಕಿತ್ತು, ಬೇರಿನ ಮಣ್ಣು ಒದರಿ, ಬಾಳೆನಾರಿನಿಂದ ಬಿಗಿದು ಪಕ್ಕಕ್ಕಿಡುತ್ತಾರೆ. ಕೂತಲ್ಲಿಂದಲೇ ಮುಂದಕ್ಕೆ ಸರಿಯುತ್ತಾರೆ. ಎದ್ದು ನಿಂತರೆ ಮತ್ತೆ ಕೂರುವುದು ಕಷ್ಟ. ಮಂಡಿ ಮಾತು ಕೇಳುವುದಿಲ್ಲ.

ಮೆಂತ್ಯ ಮುಗಿಸಿ ದಂಟು, ದಂಟು ಮುಗಿಸಿ ಸಬ್ಬಸಿಗೆ. ಕಟ್ಟುಗಳನ್ನೆಲ್ಲ ಬಾವಿಯ ಪಕ್ಕದ ತೊಟ್ಟಿಯಲ್ಲಿ ಅದ್ದಿ ತೆಗೆಯುತ್ತಾರೆ. ಕೆಲಸ ಮುಗಿದ ಮೇಲೆ ಪೈಪಿನಿಂದ ಬೀಳುವ ನೀರಿಗೆ ಬೊಗಸೆಯೊಡ್ಡಿ ಗಟಗಟ ಕುಡಿಯುತ್ತಾರೆ. ಅವರ ಬಗ್ಗೆ ಬರೆಯಲು ಜೊತೆಗೆ ಬಂದಿರುವ ನನಗೂ ಕುಡಿಯುವಂತೆ ಕೈಮಾಡುತ್ತಾರೆ. “ಕುಡಿಯಪ್ಪ, ಏನೂ ಆಗಕಿಲ್ಲ. ನಾನು ಕುಡಿಯೋ ನೀರೇ ಇವಕ್ಕೂ” ಎನ್ನುತ್ತಾರೆ.

ಆಮೇಲೆ ಸಿಂಬೆ ಸುತ್ತಿ ತಲೆಯ ಮೇಲಿಟ್ಟು, ಮಹಾಲಿಂಗಯ್ಯನವರ ಕೈಯಿಂದ ಮಂಕರಿ ಎತ್ತಿಸಿಕೊಂಡು, ರಸ್ತೆಯ ಕಡೆ ನಡೆಯುತ್ತಾರೆ. ತುಮಕೂರಿನ ಬಸ್ಸು ಹಿಡಿಯಬೇಕು. ಬಿಸಿಲೇರುವ ಮುಂಚೆ ಉಪ್ಪಾರಹಳ್ಳಿಯ ಬೀದಿಗಳಲ್ಲಿ ಕೂಗಬೇಕು. ಬಿಸಿಲು ತಾಗಿದರೆ ಸಬ್ಬಸಿಗೆ ತಲೆ ಬಗ್ಗಿಸುತ್ತದೆ. ತಲೆ ಬಗ್ಗಿಸಿದ ಸೊಪ್ಪನ್ನು ಯಾರೂ ಕೊಳ್ಳುವುದಿಲ್ಲ.

ಸಿದ್ದಲಕ್ಷ್ಮಮ್ಮನವರಿಗೆ ಐವತ್ತು ದಾಟಿದೆ. ಮನೆ ತುಮಕೂರಿನ ಉಪ್ಪಾರಹಳ್ಳಿಯಲ್ಲಿ. ಶೀಟು ಹೊದಿಸಿದ ಒಂದು ಕೋಣೆ, ಮುಂದೊಂದು ಕಟ್ಟೆ. ಸೊಪ್ಪು ಮಾರುವ ಹೆಂಗಸರು ಈ ನಗರದಲ್ಲಿ ಬೇಕಾದಷ್ಟಿದ್ದಾರೆ. ಆದರೆ ಸೊಪ್ಪಿಗಾಗಿ ದಿನಾ ಗುಬ್ಬಿಯ ತನಕ ಬಸ್ಸಿನಲ್ಲಿ ಹೋಗಿ ಬರುವವರು ಇವರೊಬ್ಬರೇ ಇರಬೇಕು. ಊರಿನ ಅಂಚಿನಲ್ಲೇ, ಕಾಲ್ನಡಿಗೆಯ ದೂರದಲ್ಲೇ, ಹುಲುಸಾದ ಸೊಪ್ಪು ಬೆಳೆಯುತ್ತದೆ. ಬೇರೆ ಹೆಂಗಸರೆಲ್ಲ ಅಲ್ಲಿಂದಲೇ ತರುತ್ತಾರೆ. ಒಂದು ಕಾಲಕ್ಕೆ ಇವರೂ ಅಲ್ಲಿಂದಲೇ ತರುತ್ತಿದ್ದರು.

ಗಂಡ ಗಂಗಹನುಮಯ್ಯನವರ ಜೊತೆ ಇವರು ಬೆಳ್ಳಾವಿ ಕಡೆಯಿಂದ ತುಮಕೂರಿಗೆ ಬಂದದ್ದು ತೊಂಬತ್ತನಾಲ್ಕರ ಸುಮಾರಿಗೆ. ಆತ ಮಾರುಕಟ್ಟೆಯ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು. ಒಂದು ದಿನ ಲಾರಿಯಿಂದ ಮೂಟೆ ಜಾರಿ ಬೆನ್ನಿನ ಮೇಲೆ ಬಿತ್ತು. ಅಲ್ಲಿಗೆ ಹಮಾಲಿ ಕೆಲಸ ಮುಗಿಯಿತು. ಮನೆಯಲ್ಲಿ ಬೆಳೆಯುವ ಹೆಣ್ಣುಮಗಳು ಶಾಂತಲಾ. ಸಿದ್ದಲಕ್ಷ್ಮಮ್ಮ ಮಂಕರಿ ಹಿಡಿದರು.

“ಆವಾಗ ಸೊಪ್ಪು ಎಲ್ಲೀದು ಅಂತ ಯಾರೂ ಕೇಳ್ತಿರ್ಲಿಲ್ಲ. ನಾನೂ ಕೇಳ್ಳಿಲ್ಲ. ಊರಾಚೆ ಮೋರಿ ಪಕ್ಕ ಬೆಳೀತಿದ್ರು. ಊರ ಮೋರಿ ನೀರೆಲ್ಲ ಅಲ್ಲಿಗೇ ಓಗೋದು, ಅದನ್ನೇ ಮೋಟ್ರು ಇಟ್ಟು ಮಡಿಗೆ ಬುಡೋರು. ಗೊಬ್ರ ಬ್ಯಾಡ, ಏನೂ ಬ್ಯಾಡ, ಅಂಗೇ ಕಪ್ಪುಗೆ ಏಳ್ತಿತ್ತು. ನೋಡಾಕೆ ಎಷ್ಟು ಚೆಂದ ಅಂತೀಯ!”

ಮನೆಗೂ ಅದೇ ಸೊಪ್ಪು. ಮಂಕರಿಯಲ್ಲಿ ಉಳಿದದ್ದೇ ರಾತ್ರಿಯ ಬಸ್ಸಾರು. ಬೇಳೆ ಕಾಳು ತರಲು ಕೈ ಬಿಗಿ ಹಿಡಿಯಬೇಕಾಗಿದ್ದ ದಿನಗಳಲ್ಲಿ ಸೊಪ್ಪಿಗೆ ಮಾತ್ರ ಕೊರತೆಯಿರಲಿಲ್ಲ. ಅದು ಅವರಿಗೊಂದು ಹೆಮ್ಮೆಯೂ ಆಗಿತ್ತು. ಮಗಳು ಸೊಪ್ಪು ತಿಂದು ಗಟ್ಟಿಯಾಗಿ ಬೆಳೆದಳು ಎಂದು ಬೀದಿಯಲ್ಲಿ ಹೇಳಿಕೊಳ್ಳುತ್ತಿದ್ದರು.

ಶಾಂತಲಾಳನ್ನು ಕುಣಿಗಲ್ಲಿಗೆ ಕೊಟ್ಟರು. ಅಳಿಯ ನಾಗೇಶ್ ಟೆಂಪೊ ಓಡಿಸುವ ಹುಡುಗ. ಎರಡು ಸಾವಿರದ ಒಂದರಲ್ಲಿ ಚೊಚ್ಚಲ ಬಸುರಿಯಾಗಿ ಶಾಂತಲಾ ತವರಿಗೆ ಬಂದಳು. ಪರೀಕ್ಷೆ ಮಾಡಿದ ಡಾಕ್ಟರು ರಕ್ತ ಕಡಿಮೆಯಿದೆ ಎಂದರು. ಹಾಲು, ಮೊಟ್ಟೆ, ಖರ್ಜೂರ, ಸೊಪ್ಪು ಚೆನ್ನಾಗಿ ತಿನ್ನಬೇಕು ಎಂದು ಬರೆದುಕೊಟ್ಟರು. ಹಾಲು ಕಾಫಿಗಷ್ಟೇ ಬರುತ್ತಿದ್ದ ಮನೆ. ಮೊಟ್ಟೆ ಒಮ್ಮೊಮ್ಮೆ. ಖರ್ಜೂರದ ಮಾತು ಬೇಡ. ಆ ನಾಲ್ಕರಲ್ಲಿ ಈ ತಾಯಿ ಧಾರಾಳವಾಗಿ ಕೊಡಬಹುದಾಗಿದ್ದದ್ದು ಒಂದೇ.

“ಕೊಟ್ಟೆ. ಬೆಳಗ್ಗೆ ಸಂಜೆ ಕೊಟ್ಟೆ. ಅವ್ಳಿಗೆ ಬಸುರಿ ಬಯಕೆ ನೋಡು, ಮೂಲಂಗಿ ಎಲೆ, ಕೊತ್ತಂಬರಿ, ಮೆಂತ್ಯ, ಎಲ್ಲಾ ಹಸೀದೇ ಬೇಕು. ಮುದ್ದೆ ಪಕ್ಕ ಒಂದ್ ಹಿಡಿ ಮೆಂತ್ಯ ಇಟ್ಕಂಡು ಉಪ್ಪಾಕ್ಕಂಡು ತಿನ್ನೋಳು. ‘ಅವ್ವ, ಇನ್ನೊಂದ್ ಹಿಡಿ ಕೊಡವ್ವ’ ಅನ್ನೋಳು. ನಾನೇ ಮಂಕರಿಯಿಂದ ತಗ್ದು ಕೊಡ್ತಿದ್ದೆ.”

ಎಂಟನೇ ತಿಂಗಳಲ್ಲಿ ಜ್ವರ ಬಂತು. ಕಣ್ಣು ಹಳದಿಯಾಯಿತು. ಕಾಮಾಲೆ ಎಂದು ಪಕ್ಕದ ಹಳ್ಳಿಯಿಂದ ನಾಟಿ ಔಷಧಿ ತಂದು ಕುಡಿಸಿದರು. ಇಳಿಯಲಿಲ್ಲ. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಶಾಂತಲಾ ಪ್ರಜ್ಞೆ ತಪ್ಪಿದ್ದಳು. ತಿಂಗಳು ತುಂಬದ ಕೂಸು ಹುಟ್ಟಿತು, ಉಳಿಯಿತು. ತಾಯಿ ಉಳಿಯಲಿಲ್ಲ.

ಕೊಳೆ ನೀರಿನಿಂದ ಬರುವ ಕಾಮಾಲೆ ಇದು, ಬಸುರಿಯರಿಗೆ ಬಂದರೆ ಬಹಳ ಕೆಟ್ಟದ್ದು ಎಂದು ಡಾಕ್ಟರು ಹೇಳಿದರು. ಏನು ತಿಂದಿದ್ದಳು, ಯಾವ ನೀರು ಕುಡಿದಿದ್ದಳು ಎಂದು ಕೇಳಿದರು. ಸಿದ್ದಲಕ್ಷ್ಮಮ್ಮ ಸೊಪ್ಪಿನ ಮಾತು ಹೇಳಿದರು. “ಅದರಿಂದಲೂ ಬಂದಿರಬಹುದು, ಕುಡಿಯುವ ನೀರಿನಿಂದಲೂ ಬಂದಿರಬಹುದು. ಇಂಥದ್ದರಿಂದಲೇ ಅಂತ ಹೇಳೋಕಾಗಲ್ಲಮ್ಮ” ಎಂದರಂತೆ ಆ ಡಾಕ್ಟರು. ಸಮಾಧಾನಕ್ಕೆ ಹೇಳಿದ ಮಾತೋ, ಇದ್ದದ್ದನ್ನೇ ಹೇಳಿದ್ದೋ. ಏಳು ವರ್ಷವಾದರೂ ಆ ಮಾತು ಈ ತಾಯಿಗೆ ಸಮಾಧಾನ ತಂದಿಲ್ಲ.

“ಇಂಥದ್ದೇ ಅಂದಿದ್ರೆ ಅತ್ತು ಸುಮ್ಕಾಗ್ತಿದ್ದೆ. ಅಲ್ಲ ಅಂದಿದ್ರೂ ಸುಮ್ಕಾಗ್ತಿದ್ದೆ. ಎರಡೂ ಅನ್ನಲಿಲ್ವಲ್ಲ.”

ತಿಂಗಳೆರಡು ತಿಂಗಳು ಅವರು ಮನೆಯಿಂದ ಹೊರಬರಲಿಲ್ಲ. ಬಂದಾಗ ಮೋರಿಯ ಕಡೆ ಹೋಗಲಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಬೆಳ್ಳಾವಿಗೆ ಹೋದರು. ಅಲ್ಲಿ ತಮ್ಮನ ತೋಟವಿತ್ತು. ತೆಂಗಿನ ಸಾಲಿನ ನಡುವೆ, ಬೋರ್‌ವೆಲ್ ನೀರಿನಲ್ಲಿ ತಮ್ಮನ ಹೆಂಡತಿ ಸೊಪ್ಪು ಬೆಳೆಯುತ್ತಿದ್ದರು. ಅದನ್ನು ತಂದು ಉಪ್ಪಾರಹಳ್ಳಿಯಲ್ಲಿ ಮಾರಲು ಶುರುಮಾಡಿದರು. ಕಟ್ಟು ಸಣ್ಣದು, ಬೆಲೆ ಜಾಸ್ತಿ. ಬಸ್ಸಿನ ಚಾರ್ಜು, ಲಗೇಜು ಎಲ್ಲ ಸೊಪ್ಪಿನ ಮೇಲೇ ಬೀಳಬೇಕು. ಆದರೂ ಐದು ವರ್ಷ ಹೇಗೋ ನಡೆಯಿತು.

ಎರಡು ಸಾವಿರದ ಆರರಲ್ಲಿ ಬೆಳ್ಳಾವಿಗೆ ವ್ಯಾನು ಬಂತು. ಬೆಂಗಳೂರಿನ ದೊಡ್ಡ ಅಂಗಡಿಗಳಿಗೆ ತರಕಾರಿ ಒಯ್ಯುವ ವ್ಯಾನು. ತೋಟದ ಬಾಗಿಲಿಗೇ ಬರುತ್ತದೆ, ಪ್ಲಾಸ್ಟಿಕ್ ಕ್ರೇಟು ಕೊಡುತ್ತದೆ, ತೂಗಿ ದುಡ್ಡು ಎಣಿಸಿ ಹೋಗುತ್ತದೆ. ಒಳ್ಳೆಯ ನೀರಿನಲ್ಲಿ ಬೆಳೆದ ಸೊಪ್ಪಿಗೆ ಅಲ್ಲಿ ಬೇಡಿಕೆಯಂತೆ. ತಮ್ಮನ ಹೆಂಡತಿ ಮುಖ ಕೊಟ್ಟು ಹೇಳಲಾರದೆ ತೆಂಗಿನ ಸಾಲಿನ ಕಡೆ ತಿರುಗಿಕೊಂಡು ಹೇಳಿದರಂತೆ: “ಅತ್ಗೆ, ನಮ್ಮ ಹುಡುಗ್ರಿಗೂ ಫೀಸು ಕಟ್ಬೇಕಲ್ಲ.” ಅವರ ಮೇಲೆ ಸಿದ್ದಲಕ್ಷ್ಮಮ್ಮನವರಿಗೆ ಸಿಟ್ಟಿಲ್ಲ. “ಅವ್ಳು ಹೇಳಿದ್ರಲ್ಲಿ ತಪ್ಪೇನೈತೆ? ನಾನು ಕೊಡೋದು ಇಷ್ಟೇ, ಅವ್ರು ಕೊಡೋದು ಅಷ್ಟು” ಎಂದು ಎರಡೂ ಕೈ ಅಗಲಿಸಿ ತೋರಿಸುತ್ತಾರೆ.

ಅಲ್ಲಿಂದ ಮುಂದೆ ಗುಬ್ಬಿ. ಯಾರೋ ಹೇಳಿದರು, ಮಹಾಲಿಂಗಯ್ಯನವರ ಬಾವಿಯಲ್ಲಿ ಬೇಸಿಗೆಯಲ್ಲೂ ನೀರು ನಿಲ್ಲುತ್ತದೆ ಎಂದು. ಹುಡುಕಿಕೊಂಡು ಹೋದರು. ಎರಡು ವರ್ಷದಿಂದ ಅಲ್ಲಿಂದಲೇ ತರುತ್ತಿದ್ದಾರೆ.

ಉಪ್ಪಾರಹಳ್ಳಿಯ ಬೀದಿಯಲ್ಲಿ ಅವರ ಹಿಂದೆ ನಡೆಯುತ್ತೇನೆ. “ಸೊಪ್ಪೂ... ಬಾವಿ ನೀರಿನ ಸೊಪ್ಪೂ...” ಎಂದು ಕೂಗುತ್ತಾರೆ. ಹೊಸಬರು ನಗುತ್ತಾರೆ. ಹಳಬರಿಗೆ ಅಭ್ಯಾಸವಾಗಿದೆ. ಸಾಲುಮನೆಗಳ ಕಟ್ಟೆಯ ಮೇಲೆ ಹೆಂಗಸರು ಕೂತು ಊದುಬತ್ತಿ ಹೊಸೆಯುತ್ತಿದ್ದಾರೆ. ಕೈ ಎಲ್ಲ ಕಪ್ಪು. ಅವರಲ್ಲೊಬ್ಬಳು ಮಂಗಳಗೌರಿ. ಐದು ತಿಂಗಳ ಬಸುರಿ, ಮುಖ ಬಿಳಿಚಿಕೊಂಡಿದೆ. ಕೈ ಒರೆಸಿಕೊಂಡು ಎದ್ದು ಬರುತ್ತಾಳೆ. ಮೆಂತ್ಯದ ಕಟ್ಟು ಎತ್ತಿ ತಿರುಗಿಸಿ ನೋಡುತ್ತಾಳೆ, ಬೆಲೆ ಕೇಳುತ್ತಾಳೆ, ಕೆಳಗಿಡುತ್ತಾಳೆ.

“ರೇವಮ್ಮನ ತಾವ ಇದೇ ದುಡ್ಗೆ ಎರಡು ಬತ್ತದಲ್ಲ ಆಂಟಿ. ಅದೂ ಇಷ್ಟು ದಪ್ಪ ಕಟ್ಟು.”

“ಅದು ಮೋರೀದು ಕಣಮ್ಮ.”

“ಎಲ್ಲಾರೂ ತಿಂತಾವ್ರಲ್ಲ.”

ಸಿದ್ದಲಕ್ಷ್ಮಮ್ಮ ಅದೇ ಕಟ್ಟನ್ನು ಎತ್ತಿ ಅವಳ ಸೆರಗಿಗೆ ಹಾಕುತ್ತಾರೆ. “ಇವತ್ತಿಂದು ದುಡ್ಡು ಬ್ಯಾಡ. ನಾಳಿಕ್ಕೆ ನನ್ನತ್ರ ಆಗದೆ ಇದ್ರೆ ಅವ್ಳತ್ರಾನೇ ತಕ್ಕೊ. ಆದ್ರೆ ಹಸೀದು ಬಾಯಿಗಾಕ್ಬ್ಯಾಡ ನನ್ನವ್ವ. ಮೂರು ಸಲ ತೊಳಿ. ಚೆನ್ನಾಗಿ ಬೇಯ್ಸು. ಕೊತ್ತಂಬರಿ ಮೇಲೆ ಉದುರ್ಸ್ಕೋಬ್ಯಾಡ, ಸಾರು ಕುದಿಯೋವಾಗ್ಲೇ ಆಕು. ಆಯ್ತಾ?”

“ಮೂರು ಸಲ ತೊಳಿಯೋಕೆ ನೀರು ಬ್ಯಾಡ್ವಾ ಆಂಟಿ? ನಲ್ಲಿ ಬಂದು ನಾಕು ದಿನ ಆಯ್ತು” ಎಂದು ಮಂಗಳಗೌರಿ ನಗುತ್ತಾಳೆ. ಕಟ್ಟೆಯ ಮೇಲಿನ ಹೆಂಗಸರೂ ನಗುತ್ತಾರೆ. ಸಿದ್ದಲಕ್ಷ್ಮಮ್ಮ ನಗುವುದಿಲ್ಲ.

ಬೀದಿಯ ತಿರುವಿನಲ್ಲಿ ರೇವಮ್ಮ ಸಿಗುತ್ತಾರೆ. ತಳ್ಳುಗಾಡಿಯಲ್ಲಿ ಕೊಬ್ಬಿದ ಹಸಿರು ರಾಶಿ. ಇಬ್ಬರೂ ಒಂದು ಕಾಲದ ಜೊತೆಗಾತಿಯರು, ಒಂದೇ ಮಡಿಯಲ್ಲಿ ಕೂತು ಕಿತ್ತವರು. ರೇವಮ್ಮ ಕೆಟ್ಟ ಹೆಂಗಸಲ್ಲ. ಶಾಂತಲಾ ಸತ್ತಾಗ ಮೂರು ದಿನ ಈ ಮನೆಗೆ ಅನ್ನ ತಂದುಕೊಟ್ಟವರು. ಮೋರಿ ಸೊಪ್ಪಿನ ಬಗ್ಗೆ ಕೇಳಿದರೆ ಅವರ ಉತ್ತರ ನೇರ. “ನಾನು ತರ್ದೆ ಇದ್ರೆ ಈ ಬೀದಿ ಜನ ಸೊಪ್ಪಿನ ಮುಖಾನೇ ನೋಡಲ್ಲ ಸಾ. ಸಿದ್ದಕ್ಕನ ಸೊಪ್ಪು ಕೊಳ್ಳೋ ತಾಕತ್ತು ಎಷ್ಟು ಜನಕ್ಕೈತೆ? ಬೇಯ್ಸಿ ತಿನ್ರಿ ಅಂತ ನಾನೂ ಹೇಳ್ತೀನಿ. ಇನ್ನೇನ್ ಮಾಡ್ಲಿ?”

“ಸೊಪ್ಪು ಬಡವ್ರ ಊಟ ಅಂತಾರೆ. ಯಾವ ಬಡವ್ರು ಒಳ್ಳೆ ಸೊಪ್ಪು ತಿಂತಾವ್ರೆ, ತೋರ್ಸು ನೋಡಾನ” ಎಂದು ಸಿದ್ದಲಕ್ಷ್ಮಮ್ಮ ಮಂಕರಿ ಸರಿಮಾಡಿಕೊಳ್ಳುತ್ತಾರೆ.

ಉಪ್ಪಾರಹಳ್ಳಿಯಲ್ಲಿ ಅರ್ಧ ಮಂಕರಿಯೂ ಖಾಲಿಯಾಗುವುದಿಲ್ಲ. ಉಳಿದದ್ದನ್ನು ಹೊತ್ತು ತುಮಕೂರಿನಲ್ಲೇ ಇರುವ ಸದಾಶಿವನಗರಕ್ಕೆ ಹೋಗುತ್ತಾರೆ. ಅಲ್ಲಿ ಕೊಳ್ಳುವ ಶಕ್ತಿಯಿದೆ. ನಂಬಿಕೆಯಿಲ್ಲ. ಗೇಟಿನ ಒಳಗಿನಿಂದ ಒಬ್ಬ ಗೃಹಿಣಿ “ಯಾವ ಊರಿನ ಸೊಪ್ಪು?” ಎನ್ನುತ್ತಾರೆ. ಗುಬ್ಬಿ, ಬಾವಿ ನೀರಿನದು ಎಂದರೆ, “ಎಲ್ಲರೂ ಹಂಗೇ ಹೇಳ್ತಾರೆ. ನಿನ್ನೆ ಬಂದವಳು ಬೆಳ್ಳಾವಿ ಅಂದ್ಲು, ತೊಳೆದರೆ ನೀರೆಲ್ಲ ಕಪ್ಪು” ಎನ್ನುತ್ತಾರೆ. ಆದರೂ ಎರಡು ಕಟ್ಟು ಕೊಳ್ಳುತ್ತಾರೆ, ಒಂದು ಕಟ್ಟು ಕೊಸರು ಕೇಳುತ್ತಾರೆ. ಸುಳ್ಳು ಹೇಳಿದವರಿಗೂ ನಿಜ ಹೇಳಿದವರಿಗೂ ಆ ಗೇಟಿನಲ್ಲಿ ಒಂದೇ ಬೆಲೆ. ಈ ತಾಯಿ ಕೊಸರನ್ನೂ ಕೊಟ್ಟು ಮುಂದಿನ ಗೇಟಿಗೆ ನಡೆಯುತ್ತಾರೆ.

ಮನೆ ಸೇರುವಾಗ ನಡುಮಧ್ಯಾಹ್ನ. ಗಂಗಹನುಮಯ್ಯ ಗೋಡೆಗೊರಗಿ ಕೂತೇ ಒಲೆಯ ಮೇಲೆ ಮುದ್ದೆ ತಿರುವಿಟ್ಟಿರುತ್ತಾರೆ. ಬೆನ್ನು ಹೋದ ಮೇಲೆ ಆ ಮನೆಯಲ್ಲಿ ಅಡುಗೆ ಅವರದೇ. ಸಾರಿಗೆ ಏನೆಂದು ಕೇಳಿದರೆ ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಮಂಕರಿಯಲ್ಲಿ ಉಳಿದಿದ್ದರೆ ಸೊಪ್ಪು. ಎಲ್ಲ ಮಾರಿಹೋಗಿದ್ದರೆ ಹುಣಸೆಹುಳಿ, ಈರುಳ್ಳಿ. ಮಾರಲಿ ಎಂದು ಆಸೆ, ಉಳಿಯಲಿ ಎಂದೂ ಆಸೆ. “ಉಳಿದ್ರೆ ಊಟ ಚೆನ್ನಾಗಿರ್ತದೆ, ಮಾರಿದ್ರೆ ಬಸ್ ಚಾರ್ಜು ಹುಟ್ತದೆ” ಎಂದು ಗಂಗಹನುಮಯ್ಯ ಹೇಳುತ್ತಾರೆ.

ಭಾನುವಾರ ಸಿದ್ದಲಕ್ಷ್ಮಮ್ಮ ಕುಣಿಗಲ್ಲಿಗೆ ಹೋಗುತ್ತಾರೆ. ಪ್ರತಿ ಭಾನುವಾರ ಅಲ್ಲ, ಆದಾಗ. ಅಲ್ಲಿ ಮೊಮ್ಮಗಳಿದ್ದಾಳೆ. ಅವತ್ತು ತಿಂಗಳು ತುಂಬದೆ ಹುಟ್ಟಿದ ಕೂಸು ಹರ್ಷಿತಾ ಈಗ ಎರಡನೇ ಕ್ಲಾಸು. ನಾಗೇಶ್ ಮತ್ತೆ ಮದುವೆಯಾಗಿದ್ದಾರೆ. “ಆವಮ್ಮ ಒಳ್ಳೆಯವ್ಳೇ. ನನ್ನೂ ಅವ್ವ ಅಂತಾನೇ ಕರೀತಾಳೆ” ಎಂದು ದಾರಿಯಲ್ಲೇ ಹೇಳಿದ್ದರು.

ನಾವು ಹೋದಾಗ ಮಗು ಬಾಗಿಲಲ್ಲಿ ಕೂತು ಚಿಪ್ಸ್ ತಿನ್ನುತ್ತಿದೆ. ಕಾಲು ಕಡ್ಡಿಯಂತಿವೆ. ಕಣ್ಣಿನ ಕೆಳಗೆ ಬಿಳಿ. ಶಾಲೆಗೆ ಬಂದ ಡಾಕ್ಟರು ರಕ್ತ ಕಡಿಮೆ ಎಂದು ಹೇಳಿಹೋಗಿದ್ದಾರೆ. ಸೊಪ್ಪು, ಕಾಳು, ಹಣ್ಣು ಕೊಡಿ ಎಂದೂ ಹೇಳಿದ್ದಾರೆ. ಇದೇ ಮಾತನ್ನು ಈ ಅಜ್ಜಿ ಹಿಂದೊಮ್ಮೆ ಕೇಳಿದ್ದಾರೆ.

ಅಜ್ಜಿ ಒಳಗೆ ಹೋಗಿ ತಂದಿದ್ದ ಮೆಂತ್ಯವನ್ನು ತೊಳೆದು, ಸಣ್ಣಗೆ ಹೆಚ್ಚಿ, ರಾಗಿ ಹಿಟ್ಟಿಗೆ ಕಲಸಿ ರೊಟ್ಟಿ ತಟ್ಟುತ್ತಾರೆ. ಹೆಚ್ಚಿದ ಸೊಪ್ಪನ್ನು ಮೊದಲು ಬಾಣಲೆಯಲ್ಲಿ ಬಾಡಿಸುತ್ತಾರೆ. ಬಾವಿ ನೀರಿನದೇ ಸೊಪ್ಪು, ರೊಟ್ಟಿಯೂ ಕಾವಲಿಯ ಮೇಲೆ ಬೇಯುತ್ತದೆ. ಆದರೂ ಬಾಡಿಸುತ್ತಾರೆ. ಹರ್ಷಿತಾ ಒಂದು ತುಂಡು ಬಾಯಿಗಿಟ್ಟು, “ಕಹಿ ಅಜ್ಜಿ” ಎನ್ನುತ್ತಾಳೆ. ಆಮೇಲೆ ರೊಟ್ಟಿಯನ್ನು ಬಿಡಿಸಿ ಬಿಡಿಸಿ, ಹಸಿರನ್ನೆಲ್ಲ ಉಗುರಿನಲ್ಲಿ ಕಿತ್ತು ತಟ್ಟೆಯ ಅಂಚಿಗೆ ಹಚ್ಚುತ್ತಾಳೆ. ಅಜ್ಜಿ ಬೈಯುವುದಿಲ್ಲ. ಕೂತು ನೋಡುತ್ತಾರೆ.

ನಾಗೇಶ್ ತಲೆ ಕೆರೆದುಕೊಳ್ಳುತ್ತಾರೆ. “ಏನ್ ಮಾಡ್ಲಿ ಅತ್ತೆ? ನಾನು ಬೆಳಗ್ಗೆ ಬುಟ್ರೆ ರಾತ್ರಿ ಬರೋದು. ಇವ್ಳು ಗಾರ್ಮೆಂಟ್ಸ್‌ಗೆ ಓಗ್ತಾಳೆ. ಒಳ್ಳೆ ಸೊಪ್ಪು ಬೇಕಂದ್ರೆ ಸಂತೆ ದಿನ ಕಾಯ್ಬೇಕು. ಚಿಪ್ಸ್ ಪಾಕೀಟು ನೋಡಿ, ನಮ್ಮ ಬೀದಿ ಪೆಟ್ಟಿಗೆ ಅಂಗಡೀಲೇ ನೇತಾಕವ್ರೆ. ಒಂದು ಕಟ್ಟು ಸೊಪ್ಪಿನ ದುಡ್ಡೂ ಬ್ಯಾಡ ಅದುಕ್ಕೆ. ಮಗು ಅಳೋದಾದ್ರೂ ನಿಲ್ಸುತ್ತೆ.”

ವಾಪಸು ಬರುವ ಬಸ್ಸಿನಲ್ಲಿ ಸಿದ್ದಲಕ್ಷ್ಮಮ್ಮ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತ ಕೂತಿದ್ದಾರೆ. “ಅವ್ಳವ್ವ ಕೇಳಿ ಕೇಳಿ ತಿಂತಿದ್ಲು. ಇವ್ಳಿಗೆ ಒಳ್ಳೇದು ತಂದ್ರೆ ಕಿತ್ತು ಕಿತ್ತು ಇಡ್ತಾಳೆ. ನಾನ್ಯಾರಿಗೆ ತರ್ತಾ ಇದೀನಿ ಅಂತ ಒಂದೊಂದ್ಸಲ ನಂಗೇ ಗೊತ್ತಾಗಲ್ಲ ಕಣಪ್ಪ” ಎನ್ನುತ್ತಾರೆ. ಅಳುವುದಿಲ್ಲ. ಸೆರಗಿನ ತುದಿಯನ್ನು ಸುಮ್ಮನೆ ಸುತ್ತಿ ಬಿಡಿಸುತ್ತಿದ್ದಾರೆ.

ಈ ಲೇಖನ ಮುಗಿಸುವ ಮುನ್ನ ಇನ್ನೊಂದು ಬೆಳಗ್ಗೆ ಅವರೊಂದಿಗೆ ಗುಬ್ಬಿಗೆ ಹೋಗುತ್ತೇನೆ. ಅವತ್ತು ಮಹಾಲಿಂಗಯ್ಯ ಮಡಿಯ ಬಳಿ ಬಂದು ನಿಂತು, ಟವೆಲ್ಲನ್ನು ಹೆಗಲಿನಿಂದ ಹೆಗಲಿಗೆ ಬದಲಿಸುತ್ತಾರೆ. ಏನೋ ಹೇಳಲಿದೆ ಎಂದು ನನಗೂ ತಿಳಿಯುತ್ತದೆ. ಸಿದ್ದಲಕ್ಷ್ಮಮ್ಮ ಸೊಪ್ಪು ಕೀಳುವ ಕೈ ನಿಲ್ಲಿಸುವುದಿಲ್ಲ.

“ಸಿದ್ದಕ್ಕ, ಬೇಜಾರ್ ಮಾಡ್ಕಬ್ಯಾಡ. ವ್ಯಾನಿನೋರು ಬಂದಿದ್ರು.”

“ಇಲ್ಲಿಗೂ ಬಂದ್ರಾ?”

“ಬಂದ್ರು. ಮುಂದಿನ ತಿಂಗ್ಳಿಂದ ಎಲ್ಲಾ ಮಡೀನೂ ಅವ್ರಿಗೇ ಅಂದವ್ರೆ. ನಮ್ಮುಡ್ಗ ಒಪ್ಕೊಂಡ್ಬುಟ್ಟವ್ನೆ. ನಾನು ಏನ್ ಮಾತಾಡ್ಲಿ, ವಯಸ್ಸಾಯ್ತು.”

ಪೈಪಿನಿಂದ ತೊಟ್ಟಿಗೆ ನೀರು ಬೀಳುತ್ತಿದೆ. ಸಿದ್ದಲಕ್ಷ್ಮಮ್ಮ ಹಿಡಿದಿದ್ದ ಕಟ್ಟಿಗೆ ನಾರು ಸುತ್ತಿ ಮುಗಿಸುತ್ತಾರೆ. ಬಾವಿಯಿರುವ ಬೇರೆ ತೋಟ ಹುಡುಕಬಹುದು. ಆದರೆ ಇಲ್ಲಿಗೆ ಬರುವುದಕ್ಕೇ ಈಗ ಮೊದಲ ಬಸ್ಸು ಬೇಕು. ಇದಕ್ಕಿಂತ ದೂರದಿಂದ ತಂದ ಸೊಪ್ಪನ್ನು ಮಂಗಳಗೌರಿ ಮುಟ್ಟಿಯೂ ನೋಡಲಾರಳು. ಇಲ್ಲವಾದರೆ ಮನೆಯಲ್ಲಿ ಕೂರಬೇಕು. ಅಥವಾ ರೇವಮ್ಮನ ಹಿಂದೆ ಮೋರಿಯ ದಾರಿ ಹಿಡಿಯಬೇಕು.

ಕೊನೆಗೆ ಸಿದ್ದಲಕ್ಷ್ಮಮ್ಮ ಕೇಳುತ್ತಾರೆ: “ಅಣ್ಣಯ್ಯ, ಅವ್ರು ಎಲ್ಲಾನೂ ತಕ್ಕೊಂಡೋಗ್ತಾರಾ?”

“ಎಲ್ಲಾ ಎಲ್ಲಿ? ಒಂದೇ ಉದ್ದ ಇರ್ಬೇಕು, ಎಲೇಲಿ ಒಂದು ತೂತೂ ಇರ್ಬಾರ್ದು. ಕಾಲು ಭಾಗ ಬಿಸಾಕ್ತಾರೆ.”

“ಅವ್ರು ಬಿಸಾಕಿದ್ದು ನಂಗೆ ಕೊಡು. ದನಕ್ಕಾಕ್ಬ್ಯಾಡ.”

ಮಹಾಲಿಂಗಯ್ಯ ತಲೆಯಾಡಿಸಿ, ಮುಖ ತಿರುಗಿಸಿಕೊಂಡು ಮೋಟಾರಿನ ಕಡೆ ಹೋಗುತ್ತಾರೆ.

ಹೆದ್ದಾರಿಯಲ್ಲಿ ಬಸ್ಸಿಗೆ ಕಾಯುವಾಗ ಅವರನ್ನು ಕೇಳುತ್ತೇನೆ. ತೂತು ಬಿದ್ದ ಸೊಪ್ಪನ್ನು ಯಾರು ಕೊಳ್ಳುತ್ತಾರೆ? ಸದಾಶಿವನಗರದ ಗೇಟುಗಳು ತೆರೆಯುವುದಿಲ್ಲ. ಉಪ್ಪಾರಹಳ್ಳಿಯಲ್ಲೂ ಮುಖ ಸಿಂಡರಿಸುತ್ತಾರೆ.

“ಸಿಂಡರಿಸ್ಲಿ” ಎನ್ನುತ್ತಾರೆ. “ಕಮ್ಮಿ ದುಡ್ಗೆ ಕೊಡ್ತೀನಿ. ರೇವಮ್ಮಂಗಿಂತ್ಲೂ ಕಮ್ಮಿಗೆ ಕೊಡ್ತೀನಿ. ಬಸುರಿ ಹೆಂಗಸ್ರಿರೋ ಮನೇಗೆ ಮೊದ್ಲು ಓಗ್ತೀನಿ. ಹುಳ ತಿಂದೈತಲ್ಲ ಆಂಟಿ ಅಂತ ಕೇಳ್ತಾರೆ, ಕೇಳ್ಲಿ.”

ದೂರದಲ್ಲಿ ಬಸ್ಸು ಕಾಣಿಸುತ್ತದೆ. ಕಂಡಕ್ಟರು ಮಂಕರಿ ನೋಡಿ ನಿಲ್ಲಿಸದೆ ಹೋದಾನೆಂದು ಅವರು ರಸ್ತೆಗೆ ಎರಡು ಹೆಜ್ಜೆ ಇಳಿದು ಕೈ ಅಡ್ಡ ಹಿಡಿಯುತ್ತಾರೆ. ಬಸ್ಸು ನಿಲ್ಲುತ್ತದೆ. ಮಂಕರಿಯನ್ನು ಮೇಲಕ್ಕೆತ್ತುವಾಗ, ನನ್ನ ಕಡೆ ತಿರುಗಿಯೂ ನೋಡದೆ ಮಾತು ಮುಗಿಸುತ್ತಾರೆ.

“ತಿಂದ ಹುಳ ಬದುಕೈತೆ ಅಂತ ಹೇಳ್ತೀನಿ.”